ಕಾರಿಗೆ ಕಲಿಸುತ್ತಿದ್ದ ರಿಮೋಟಕ್ಕ

ಅವರು ಹೋದ ಸುದ್ದಿ ನನಗೆ ಹನ್ನೆರಡು ದಿನ ತಡವಾಗಿ ಸಿಕ್ಕಿತು. ಮುಳಬಾಗಿಲಿನ ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಮಗಳ ಮದುವೆ, ಮಂಡಿನೋವು ಅಂತೆಲ್ಲ ಮಾತಾಡುತ್ತ, ಮಧ್ಯದಲ್ಲಿ, "ನೀವು ಬಾಡಿಗೆಗಿದ್ರಲ್ಲ, ಆ ರಿಮೋಟಕ್ಕ ಹೋಗ್ಬಿಟ್ರಂತೆ ಕಣ್ರೀ" ಅಂದುಬಿಟ್ಟರು. ಆಮೇಲೂ ಮಾತು ಮುಂದುವರಿಯಿತು. ನಾನು ಊಂ ಊಂ ಅನ್ನುತ್ತಿದ್ದೆ. ಏನು ಹೇಳಿದರೋ ಒಂದೂ ನೆನಪಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮೂರು ಹೋಳೂರಿನಿಂದ ಹೊರಗೆ ಒಂದು ರಾತ್ರಿಯೂ ಒಬ್ಬಳೇ ಕಳೆದವಳಲ್ಲ ನಾನು. ಹೈಸ್ಕೂಲಿನಲ್ಲಿ ಗಣಿತ ಟೀಚರ್ ಕೆಲಸ ಸಿಕ್ಕಿ ಮುಳಬಾಗಿಲಿಗೆ ಬಂದಾಗ ಅವರ ಮನೆಯ ಮಹಡಿಯ ಕೋಣೆ ಹಿಡಿದೆ. ಕೋಣೆ ತೋರಿಸುವಾಗ ಅವರು ಕೇಳಿದ್ದು ಎರಡೇ ಪ್ರಶ್ನೆ: "ಸುಳ್ಳು ಹೇಳ್ತೀಯಾ?" "ಇಲ್ಲ." "ಸೈರನ್ ಸದ್ದು ತಡ್ಕೋತೀಯಾ?" ಎರಡನೆಯ ಪ್ರಶ್ನೆ ನನಗೆ ಅರ್ಥವಾಗಿರಲಿಲ್ಲ. ಮಾರನೆಯ ಬೆಳಗ್ಗೆ ಏಳಕ್ಕೆ ಮನೆಯ ಮುಂದೆ ಕಾರೊಂದು ಆರು ಥರದ ರಾಗದಲ್ಲಿ ಕಿರುಚಿಕೊಂಡಾಗ ಆಯಿತು.

ಆಗ ಕಾರಿಗೆ ಹೊರಗಿನಿಂದ ಅಲಾರಂ ಹಾಕಿಸುವ ಹುಚ್ಚು. ಬಟನ್ ಒತ್ತಿದರೆ ಬಾಗಿಲು ಬೀಗ ಹಾಕಿಕೊಳ್ಳುತ್ತಿತ್ತು, ಎಂಜಿನ್‌ಗೆ ಕರೆಂಟು ಹೋಗುವುದು ನಿಲ್ಲುತ್ತಿತ್ತು. ರಿಮೋಟ್ ಕಳೆದುಹೋದರೆ, ನೀರಿಗೆ ಬಿದ್ದರೆ, ಕೈಯಲ್ಲಿ ಕೀಲಿ ಇದ್ದರೂ ಕಾರು ಅಲ್ಲಾಡುತ್ತಿರಲಿಲ್ಲ. ಬಾಗಿಲು ತೆಗೆದರೆ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಹಾಗೆ ಕೂಗುವ ಕಾರುಗಳು ಕೋಲಾರ, ಮಾಲೂರು, ಶ್ರೀನಿವಾಸಪುರದಿಂದೆಲ್ಲ ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ನಮ್ಮ ಓಣಿಗೆ ಬರುತ್ತಿದ್ದವು. ಬರಲಾಗದ ಕಾರಿದ್ದಲ್ಲಿಗೆ ಅವರೇ ಬಸ್ಸು ಹತ್ತಿ ಹೋಗುತ್ತಿದ್ದರು.

ಈ ವಿದ್ಯೆ ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಹನ್ನೊಂದು ವರ್ಷ ಟೀವಿ ರಿಮೋಟಿನ ಒಳಗೆ ಬೆಸುಗೆ ಹಾಕುವ ಕೆಲಸ ಮಾಡಿದ್ದರು. ಫ್ಯಾಕ್ಟರಿ ಮುಚ್ಚಿದಾಗ ಊರಿಗೆ ಬಂದು ಹೊಲಿಗೆ ಮಿಷನ್ನಿನ ಮೇಜಿನ ಮೇಲೆ ಟೀವಿ ರಿಮೋಟ್ ರಿಪೇರಿಗೆ ಕೂತರು. ಯಾರೋ ಕಾರಿನದ್ದು ತಂದುಕೊಟ್ಟರು. ಎರಡು ದಿನ ಬಿಚ್ಚಿ ಜೋಡಿಸಿ, ಜೋಡಿಸಿ ಬಿಚ್ಚಿ, ಮೂರನೆಯ ದಿನ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ಕಂಡುಹಿಡಿದರಂತೆ. ಅಲ್ಲೊಂದು ಗುಟ್ಟಿನ ಸ್ವಿಚ್ ಇರುತ್ತದೆ. ಕೀಲಿ ತಿರುಗಿಸಿ ಅದನ್ನು ಐದು ಸಲ ಒತ್ತಿದರೆ ಸೈರನ್ 'ಕೀಂ' ಅನ್ನುತ್ತದೆ. ಆಮೇಲಿನ ಹತ್ತು ಸೆಕೆಂಡಿನೊಳಗೆ ಹೊಸ ರಿಮೋಟ್ ಒತ್ತಿದರೆ ಕಾರು ಅದನ್ನು ತನ್ನದೆಂದು ಒಪ್ಪಿಕೊಂಡು 'ಕೀಂ ಕೀಂ' ಅನ್ನುತ್ತದೆ. ಇದಕ್ಕೆ ಅವರು 'ಕಲಿಸೋದು' ಅನ್ನುತ್ತಿದ್ದರು. "ಇವತ್ತು ಎರಡು ಕಾರಿಗೆ ಕಲ್ಸಿದೆ ಅಮ್ಮಾಯಿ. ನೀನ್ ಎಷ್ಟು ಮಕ್ಕಳಿಗೆ ಕಲ್ಸಿದೆ?" ಅಂತ ಕೇಳುತ್ತಿದ್ದರು. ಅವರ ತೆಲುಗಿನಲ್ಲಿ ನಾನು 'ಅಮ್ಮಾಯಿ', ಹುಡುಗಿ.

ಮದುವೆ ದಿಬ್ಬಣದ ಕಾರೊಂದು ಒಮ್ಮೆ ನಮ್ಮ ಓಣಿಯಲ್ಲಿ ಕೆಟ್ಟು ನಿಂತಿತ್ತು. ಮುಹೂರ್ತಕ್ಕೆ ಮುಕ್ಕಾಲು ಗಂಟೆ. ಹುಡುಗನ ಸೋದರಮಾವ ಅವರ ತಲೆಯ ಮೇಲೆ ನಿಂತು, "ಬೇಗ, ಬೇಗ" ಅನ್ನುತ್ತಿದ್ದ. ಅಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು, "ಅವಸರಕ್ಕೆ ಕಾರು ಕಲಿಯಲ್ಲ. ನೀವು ಆ ಕಡೆ ಹೋದ್ರೆ ಕಲಿಯುತ್ತೆ" ಅಂದರು. ಆತ ಹೋದ. ಕಾರು ಕಲಿಯಿತು. ಮದುವೆ ಆಯಿತು. ಹೀಗಿತ್ತು ಅವರ ಜೋರು. ಕೋಪ ಬಂದಷ್ಟೇ ಬೇಗ ಇಳಿಯುತ್ತಿತ್ತು. ಇಳಿಯಿತು ಅನ್ನುವುದಕ್ಕೆ ಗುರುತು, "ಪೋನೀ" ಅನ್ನುವ ಒಂದು ತೆಲುಗು ಮಾತು. ಹೋಗಲಿ ಬಿಡು ಅಂತ.

ಬಂದವರಿಗೆಲ್ಲ ಅವರದ್ದೊಂದು ಕಟ್ಟಪ್ಪಣೆ: ಮನೆಯಲ್ಲಿರುವ ಅಷ್ಟೂ ರಿಮೋಟ್ ತರಬೇಕು. ಹೊಸದನ್ನು ಕಲಿಸಲು ಕೂತರೆ ಕಾರು ಹಳೆಯದನ್ನೆಲ್ಲ ಮರೆತುಬಿಡುತ್ತದೆ. ಅದೇ ಕೂತಲ್ಲಿ ಹಳೆಯದನ್ನೂ ಒತ್ತಿ ತೋರಿಸಿದರೆ ಮಾತ್ರ ಅದೂ ಉಳಿಯುತ್ತದೆ.

ಜೂನ್ ತಿಂಗಳ ಒಂದು ಗುರುವಾರ ಸಂಜೆ ಶ್ರೀನಿವಾಸಪುರದಿಂದ ಒಬ್ಬರು ಬಂದರು. ಬಿಳಿ ಕಾರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು. ಮಾವಿನ ಮಂಡಿ ಇಟ್ಟವರು. ಬರುವಾಗಲೇ ಒಂದು ಬುಟ್ಟಿ ಬಾದಾಮಿ ಹಣ್ಣು ತಂದಿದ್ದರು. ರಿಮೋಟ್ ಒಡೆದಿದೆ, ಹತ್ತು ಸಲ ಒತ್ತಿದರೆ ಒಮ್ಮೆ ಹಿಡಿಯುತ್ತದೆ, ಹೊಸದು ಬೇಕು ಅಂದರು.

"ಮನೇಲಿ ಇನ್ನೊಂದು ಇರ್ಬೇಕಲ್ಲ?" ಅಕ್ಕ ಕೇಳಿದರು.

"ಇತ್ತು ಅಕ್ಕಾವ್ರೇ. ತಿರುಪತೀಲಿ ಕಳೆದೋಯ್ತು."

"ಒಳ್ಳೇದೇ ಆಯ್ತು ಬಿಡಿ. ಈಗ ಹೊಸದು ಕಲಿಸ್ತೀನಲ್ಲ, ಇನ್ಮೇಲೆ ಅದು ಯಾರ ಕೈಗೆ ಸಿಕ್ಕಿದ್ರೂ ಉಪಯೋಗ ಇಲ್ಲ."

"ನಂಗೂ ಅದೇ ಬೇಕಾಗಿತ್ತು" ಅಂತ ಅವರು ನಕ್ಕರು. ಅಕ್ಕನೂ ನಕ್ಕರು. ಹೊಸ ರಿಮೋಟ್ ಕಲಿಸಿ, ಮುಂದೆ ತೊಂದರೆಯಾದರೆ ಇರಲಿ ಅಂತ ಸ್ಟೇರಿಂಗಿನ ಕೆಳಗಿದ್ದ ಗುಟ್ಟಿನ ಸ್ವಿಚ್ಚನ್ನೂ ಬೆರಳಿಟ್ಟು ತೋರಿಸಿಕೊಟ್ಟರು. ಆ ಹಣ್ಣುಗಳನ್ನು ಅಕ್ಕ, ಅವರ ಗಂಡ, ನಾನು ಮೂರು ದಿನ ತಿಂದೆವು. ತುಂಬ ರುಚಿಯಾಗಿದ್ದವು.

ಭಾನುವಾರ ಬೆಳಗ್ಗೆ ಒಬ್ಬ ಹೆಂಗಸು ಓಣಿಯಲ್ಲಿ ವಿಳಾಸ ಕೇಳಿಕೊಂಡು ಬಂದಳು. ಮೂವತ್ತರ ಆಸುಪಾಸು. ಬಸ್ಸಿನಲ್ಲಿ ನಿಂತು ಬಂದವಳ ಹಾಗೆ ಸೀರೆ ಮುದುರಿತ್ತು. ಮೇಜಿನ ಮೇಲೆ ಒಂದು ರಿಮೋಟ್ ಇಟ್ಟು, "ಬ್ಯಾಟರಿ ಹೋಗಿರ್ಬೇಕು ಅನ್ಸುತ್ತೆ ಅಕ್ಕಾ. ನೋಡ್ತೀರಾ?" ಅಂದಳು.

ಅಕ್ಕ ತಾವೇ ಮಾಡಿಕೊಂಡಿದ್ದ ಪುಟ್ಟ ಡಬ್ಬಿಯ ಹತ್ತಿರ ಅದನ್ನು ಹಿಡಿದು ಒತ್ತಿದರು. ಡಬ್ಬಿಯ ಕೆಂಪು ದೀಪ ಮಿನುಗಿತು. ರಿಮೋಟ್ ಚೆನ್ನಾಗಿಯೇ ಇತ್ತು.

"ಯಾವ ಕಾರಮ್ಮ?"

"ಬಿಳೀದು. ನಮ್ಮನೆಯವರಿಗೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ..."

ನಾನು ಬಾಗಿಲ ಬಳಿ ಬಟ್ಟೆ ಹಿಂಡುತ್ತಿದ್ದೆ. ಅಕ್ಕನ ಬೆರಳು ಬಟನ್ನಿನ ಮೇಲೆ ಹಾಗೇ ನಿಂತದ್ದು ಕಂಡಿತು. ಆ ಹೆಂಗಸೇ ಮಾತು ಮುಂದುವರಿಸಿದಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದ್ದು. ಗೌನಿಪಲ್ಲಿಯಲ್ಲಿ ಅಮ್ಮ. ಹೊಟ್ಟೆಯ ಆಪರೇಷನ್ ಆದಮೇಲೆ ಬಸ್ಸಿನಲ್ಲಿ ಕೂರಲಾಗುತ್ತಿರಲಿಲ್ಲ. ಪ್ರತಿ ಶನಿವಾರ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕೋಲಾರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಗಂಡನಿಗೆ ಅದು ಆಗದು.

"ನಿನ್ನೆ ಹೊರಟೆ. ಕೀಲಿ ಹಾಕಿ ಬಾಗ್ಲು ತೆಗೆದ್ರೆ ಕಾರು ಬಡ್ಕೊಳ್ಳೋಕೆ ಶುರುವಾಯ್ತು. ಇದನ್ನ ಒತ್ತೀನಿ, ಒತ್ತೀನಿ, ನಿಲ್ಲಲ್ಲ. ಇಡೀ ಬೀದಿ ಹೊರಗೆ ಬಂತು. ಅವ್ರು ಮೇಲೆ ವರಾಂಡದಲ್ಲಿ ನಿಂತು ನೋಡ್ತಿದ್ರು. ಇಳಿದು ಬರ್ಲಿಲ್ಲ." ಅವಳು ಅಳಲಿಲ್ಲ. "ನಮ್ಮಮ್ಮ ಸಾಯಂಕಾಲದವರೆಗೂ ರೆಡಿಯಾಗಿ ಕೂತಿದ್ರಂತೆ."

ಅಕ್ಕ ಬ್ಯಾಟರಿ ಬದಲಾಯಿಸಿ, "ಇದಾಗಲ್ಲಮ್ಮ, ಬೇರೆ ಕಡೆ ತೋರ್ಸು" ಅಂದು ಕಳಿಸಬಹುದಿತ್ತು. ಆಕೆಗೆ ಏನೂ ಗೊತ್ತಿರಲಿಲ್ಲ. ಇವರ ಹೆಸರನ್ನು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರು, ಅಷ್ಟೇ.

"ನಾನೇ ಕಣಮ್ಮ" ಅಂದರು ಅಕ್ಕ. "ಗುರುವಾರ ನಿನ್ನ ಗಂಡ ಬಂದಿದ್ರು. ಇನ್ನೊಂದು ಕಳೆದೋಯ್ತು ಅಂದ್ರು. ನಂಬಿದೆ. ನಿನ್ನ ರಿಮೋಟನ್ನ ಕಾರಿಂದ ಅಳಿಸಿದ್ದು ನಾನೇ."

ಆಕೆ ಅಕ್ಕನ ಕೈಯಿಂದ ರಿಮೋಟನ್ನು ತೆಗೆದುಕೊಂಡಳು. ನನಗೆ ತಡೆಯಲಾಗಲಿಲ್ಲ. "ಬಾಡಿಗೆ ಕಾರು ಮಾಡ್ಕೊಂಡು ಹೋಗ್ಬೋದಲ್ಲ?" ಅಂದೆ.

"ಹೋಗ್ಬೋದು ಮೇಡಂ. ಆದ್ರೆ ಕಾರು ನನ್ನ ಹೆಸರಲ್ಲಿದೆ, ನಾನು ದುಡಿದು ತಗೊಂಡಿದ್ದು. ಇವತ್ತು ಸುಮ್ನಾದ್ರೆ ನಾಳೆ ನಾನು ಕೆಲಸಕ್ಕೆ ಹೋಗೋದೂ ಅವ್ರ ಬೆರಳಿನ ಕೆಳಗಿರುತ್ತೆ."

ಅಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡರು. "ನಿನ್ನ ಗಂಡ ಈಗ ಎಲ್ಲಿ?" "ಮಂಡೀಲಿ. ಬೈಕಲ್ಲಿ ಹೋಗ್ತಾರೆ, ಸೀಸನ್ನಲ್ಲಿ ಸಾಯಂಕಾಲವೇ ಬರೋದು." "ಕಾರಿನ ಪುಸ್ತಕ?" "ಬ್ಯಾಗಲ್ಲಿದೆ." ಅಕ್ಕ ನನ್ನ ಕಡೆ ತಿರುಗಿದರು. "ಅಮ್ಮಾಯಿ, ನೀನೂ ಬಾ. ಓದಿದೋಳು ಒಬ್ಬಳು ಜೊತೇಲಿರ್ಲಿ." ಉಳಿದಿದ್ದ ಎರಡು ಹಣ್ಣನ್ನು ಹೊರಡುವ ಮುಂಚೆ ಓಣಿಯ ಹಸುವಿಗೆ ಹಾಕಿದರು.

ಬಸ್ಸಿನಲ್ಲಿ ಅಕ್ಕ ನಿಧಾನವಾಗಿ ಕೆಲಸ ವಿವರಿಸಿದರು. ಬಾಗಿಲು ತೆಗೆದ ತಕ್ಷಣ ಕಾರು ಕೂಗುತ್ತದೆ. ಕೀಲಿ ತಿರುಗಿಸಿ ಗುಟ್ಟಿನ ಸ್ವಿಚ್ ಒಮ್ಮೆ ಒತ್ತಿದರೆ ನಿಲ್ಲುತ್ತದೆ. ಸ್ವಿಚ್ ಎಲ್ಲಿದೆಯೆಂದು ತಮಗೆ ಗೊತ್ತು. ಮೂರು ನಿಮಿಷ ಸಾಕು. ಯಾರಾದರೂ ಬಂದರೆ ನಾನು ಆರ್.ಸಿ. ಪುಸ್ತಕ ತೋರಿಸಬೇಕು. ಆಕೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಅದರ ಮೇಲೆ ನನ್ನ ಬೆವರಿನ ಬೆರಳ ಗುರುತು ಬಿದ್ದಿತು.

ನಡುಮಧ್ಯಾಹ್ನ. ಬಿಸಿಲಿಗೆ ಬೀದಿ ಖಾಲಿ. ಕಾರು ಮನೆಯ ಮುಂದೆಯೇ ನಿಂತಿತ್ತು. ಆಕೆ ಕೀಲಿ ತಿರುಗಿಸಿ ಬಾಗಿಲೆಳೆದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೂಗಿತು. ಅಷ್ಟು ಹತ್ತಿರದಿಂದ ಆ ಸದ್ದು ಕೇಳಿದ್ದು ನಾನು ಅದೇ ಮೊದಲು. ಹಲ್ಲಿನೊಳಗೆ ಹೊಕ್ಕಿತು.

ಅಕ್ಕ ಸೀಟಿನ ಮುಂದೆ ಅಂಗಾತ ನುಸುಳಿ ಕೈ ಮೇಲೆತ್ತಿದರು. ಅವರ ಮುಖ ನನಗೆ ಕಾಣುತ್ತಿತ್ತು. ಕೈ ಅಲ್ಲಿಗೆ ಹೋಯಿತು, ಪಕ್ಕಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಅವರ ಬಾಯಿ ಏನೋ ಹೇಳಿತು. ಸದ್ದಿನಲ್ಲಿ ಕೇಳಿಸಲಿಲ್ಲ. ಬಗ್ಗಿದೆ. "ಸ್ವಿಚ್ ಇಲ್ಲ! ತೆಗೆಸ್ಬಿಟ್ಟಿದ್ದಾನೆ!"

ಗುರುವಾರ ತಾವೇ ಬೆರಳಿಟ್ಟು ತೋರಿಸಿದ್ದರಲ್ಲ.

ಬಾಗಿಲುಗಳು ತೆರೆದವು. ಆಕೆಯ ಅತ್ತೆ ಹೊರಬಂದು, ಸೊಸೆಯನ್ನು ನೋಡಿ, ಕಾರಿನಿಂದ ಚಾಚಿದ್ದ ಅಪರಿಚಿತ ಕಾಲುಗಳನ್ನು ನೋಡಿ, ಒಳಗೆ ಓಡಿದರು. ಮಂಡಿಗೆ ಫೋನು ಮಾಡಲಿಕ್ಕೆ ಅಂತ ಯಾರಿಗಾದರೂ ತಿಳಿಯುತ್ತಿತ್ತು. ಮಂಡಿಯಿಂದ ಮನೆಗೆ ಬೈಕಿನಲ್ಲಿ ಹತ್ತು ನಿಮಿಷವೂ ಇಲ್ಲ. ಎದುರುಮನೆಯವರು, ಪಕ್ಕದವರು, ಇಪ್ಪತ್ತು ಜನ ಸೇರಿದರು. ಯಾರೋ "ಕಳ್ಳೀರು!" ಅಂದ. ಇನ್ನೊಬ್ಬ ಅಕ್ಕನ ಕಾಲಿನ ಹತ್ತಿರ ಬಂದು ನಿಂತ.

"ಅಮ್ಮಾಯಿ, ಪುಸ್ತಕ ತೋರ್ಸು!" ಅಕ್ಕ ಒಳಗಿಂದ ಕೂಗಿದರು.

ನಾನು ತೋರಿಸಲಿಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ನನ್ನ ಕಾಲು ಹಿಂದೆ ಹಿಂದೆ ಹೋಗಿ ಎದುರುಮನೆಯ ಕಾಂಪೌಂಡಿಗೆ ಬೆನ್ನು ತಾಗಿತು. ಪುಸ್ತಕ ಎದೆಗೊತ್ತಿಕೊಂಡು, ಅವರ ಜೊತೆ ಬಂದವಳೇ ಅಲ್ಲವೆಂಬಂತೆ ನಿಂತೆ. ಆಕೆಯೇ ಬಂದು ನನ್ನ ಬೆರಳು ಬಿಡಿಸಿ ಪುಸ್ತಕ ತೆಗೆದುಕೊಂಡಳು. ಕಾಲಿನ ಬಳಿ ನಿಂತವನ ಮುಖಕ್ಕೆ ಹಿಡಿದು, "ಓದ್ರೀ. ಯಾರ ಹೆಸರಿದೆ, ಗಟ್ಟಿಯಾಗಿ ಓದ್ರೀ" ಅಂದಳು. ಆತ ಓದಲಿಲ್ಲ. ಅವನ ಹಿಂದಿದ್ದ ಮುದುಕರೊಬ್ಬರು ಪುಸ್ತಕ ಇಸಿದುಕೊಂಡು, ಕನ್ನಡಕ ಏರಿಸಿ ಓದತೊಡಗಿದರು.

ಒಳಗೆ ಅಕ್ಕ ಸ್ವಿಚ್ ಹುಡುಕುವುದನ್ನು ಬಿಟ್ಟಿದ್ದರು. ಸ್ವಿಚ್ ತೆಗೆದರೂ ಅದಕ್ಕೆ ಹೋಗುತ್ತಿದ್ದ ತಂತಿ ಎಲ್ಲೋ ಇರಲೇಬೇಕು. ಕಣ್ಣು ಮುಚ್ಚಿ, ಬೆರಳಿನಲ್ಲಿ ಒಂದೊಂದೇ ತಂತಿಯನ್ನು ಬುಡದವರೆಗೆ ಹಿಂಬಾಲಿಸುತ್ತಿದ್ದರು. ಕುತ್ತಿಗೆಯ ನರ ಉಬ್ಬಿತ್ತು. ಟೇಪು ಸುತ್ತಿದ ಎರಡು ತುದಿ ಸಿಕ್ಕಿತು. ಬ್ಲೇಡಿನಿಂದ ಕೆರೆದು ಎರಡನ್ನೂ ಒಂದಕ್ಕೊಂದು ತಾಗಿಸಿದರು.

ಸದ್ದು ನಿಂತಿತು. ಆ ಮೌನದಲ್ಲಿ ಬೈಕಿನ ಸದ್ದು ಕೇಳಿಸಿತು.

"ಬಾ ಇಲ್ಲಿ, ರಿಮೋಟ್ ಹಿಡ್ಕೊ." ಅಕ್ಕ ತಂತಿಯನ್ನು ಐದು ಸಲ ತಾಗಿಸಿದರು. ಕೀಂ. ಆಕೆ ಒತ್ತಿದಳು. ಕೀಂ ಕೀಂ.

ಗಂಡ ಬೈಕು ನಿಲ್ಲಿಸಿ ನಡೆದು ಬಂದ. ಅಂಗಿ ಅಷ್ಟೇ ಬಿಳುಪು, ಮಾತು ಅಷ್ಟೇ ಮೆತ್ತಗೆ. "ಏನ್ ಅಕ್ಕಾವ್ರೇ, ಮನೆಗೇ ಬಂದ್ಬಿಟ್ರಿ?"

"ಕೆಲಸ ಅರ್ಧ ಆಗಿತ್ತು. ಮುಗಿಸೋಕೆ ಬಂದೆ."

ಆತ ಜೇಬಿನಿಂದ ರಿಮೋಟ್ ತೆಗೆದು ಒತ್ತಿದ. ಕಾರು ಸುಮ್ಮನಿತ್ತು. ಮತ್ತೆ ಒತ್ತಿದ. ಬೀದಿಯೆಲ್ಲ ನೋಡುತ್ತಿತ್ತು.

ಅಕ್ಕ ಎದ್ದು ಕೂತರು. ಕೂದಲ ತುಂಬ ಧೂಳು. ತಂತಿಯ ತುದಿಗಳು ಇನ್ನೂ ಕೈಯಲ್ಲೇ ಇದ್ದವು. "ನಿಮ್ದು ಈಗ ನಡೆಯಲ್ಲ. ನಿನ್ನೆ ಇವಳದ್ದೂ ಹಂಗೇ ಆಗಿತ್ತು. ನಿಮ್ದನ್ನೂ ಸೇರಿಸ್ತೀನಿ, ಎರಡೂ ನಡೀಲಿ. ಇವಳು ಒತ್ತಿದ ಮೇಲೆ ನೀವು ಒತ್ತಿ." ಮತ್ತೆ ಐದು ಸಲ ತಾಗಿಸಿದರು. ಕೀಂ. ಆಕೆ ಒತ್ತಿದಳು. ಕೀಂ ಕೀಂ. "ಈಗ ನೀವು. ಹತ್ತು ಸೆಕೆಂಡು ಇದೆ."

ಆತನ ಹೆಬ್ಬೆರಳು ಬಟನ್ನಿನ ಮೇಲೇ ಇತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿದ, ಜನರನ್ನು ನೋಡಿದ. ಅಷ್ಟು ಜನರ ಎದುರು ಹೆಂಡತಿಯ ನಂತರ, ಒಬ್ಬ ಹೆಂಗಸು ಹೇಳಿದಂತೆ ಒತ್ತುವುದು ಅವನಿಂದಾಗಲಿಲ್ಲ. ರಿಮೋಟನ್ನು ಜೇಬಿಗೆ ಹಾಕಿಕೊಂಡ. ಕಾರು ಉದ್ದಕ್ಕೆ ಒಮ್ಮೆ 'ಕೀಂ' ಅಂದು ಕಲಿಕೆ ಮುಗಿಸಿತು.

"ನಿಮ್ಮಿಷ್ಟ" ಅಂದರು ಅಕ್ಕ.

ಅಕ್ಕ ಇಳಿದರು, ಆಕೆ ಸ್ಟೇರಿಂಗಿಗೆ ಕೂತು ಎಂಜಿನ್ ಶುರು ಮಾಡಿದಳು. ಆತ ಬಾನೆಟ್ಟಿನ ಮುಂದೆ ಬಂದು ಎರಡೂ ಅಂಗೈ ಊರಿ ನಿಂತ. ಈಗ ಮುಖದಲ್ಲಿ ಮೆತ್ತಗಿನದ್ದೇನೂ ಉಳಿದಿರಲಿಲ್ಲ. ಅಕ್ಕ ಹಿಂದಿನ ಬಾಗಿಲು ತೆಗೆದು, "ಅಮ್ಮಾಯಿ, ಹತ್ತು" ಅಂದರು. ಕಾಂಪೌಂಡಿನಿಂದ ಕಾರಿನವರೆಗೆ ಆ ಹತ್ತು ಹೆಜ್ಜೆ ಹೇಗೆ ಇಟ್ಟೆನೋ ತಿಳಿಯದು. ಕಾರು ಒಂದು ಗೇಣು ಮುಂದೆ ಬಂತು. ಆತ ಸರಿಯಲಿಲ್ಲ. ಇನ್ನೊಂದು ಗೇಣು. ಆತ ಬಾನೆಟ್ಟಿಗೆ ಬಡಿದ.

ಆರ್.ಸಿ. ಓದಿ ಮುಗಿಸಿದ್ದ ಮುದುಕರು ಮುಂದೆ ಬಂದರು. "ಬಿಡಪ್ಪಾ. ಬಂಡಿ ಆಯಮ್ಮಂದೇ. ಇದ್ರಾಗೆ ಬರ್ದೈತೆ." ಕಿಟಕಿಯಿಂದ ಪುಸ್ತಕ ಒಳಗೆ ಕೊಟ್ಟು, ಆತನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಆತ ಸರಿದ.

ನೇರ ಗೌನಿಪಲ್ಲಿಗೆ ಹೋದೆವು. ಆಕೆಯ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೋಲಾರದ ಕಡೆಗೆ ಕಳಿಸಿ, ನಾವಿಬ್ಬರೂ ಬಸ್ಸಿಗೆ ನಿಂತೆವು. ನಾನು ಏನೋ ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡದೆ, "ಪೋನೀ" ಅಂದರು. ನಾನು ಹಿಂದೆ ಸರಿದ ಮಾತನ್ನು ಅವರು ಇನ್ನೆಂದೂ ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಮರುದಿನ ಪೊಲೀಸಿನವರೊಬ್ಬರು ಮನೆಗೆ ಬಂದರು. ದೂರು ಕೊಟ್ಟಿದ್ದಾರೆ, ಕಾರು ನಿಮ್ಮದಲ್ಲ, ಮನೆ ನಿಮ್ಮದಲ್ಲ, "ಬೇರೆಯವರ ಸಂಸಾರದಲ್ಲಿ ಯಾಕಮ್ಮ ಕೈ ಹಾಕಿದ್ದು?" ಅಂದರು.

"ಗುರುವಾರವೇ ಹಾಕಿದ್ದೆ ಸಾರ್, ಅವ್ರು ಹಾಕಿಸಿದ್ರು" ಅಂದರು ಅಕ್ಕ. "ಭಾನುವಾರ ತೆಗೆದೆ."

ಆರ್.ಸಿ. ಆಕೆಯ ಹೆಸರಿನಲ್ಲಿತ್ತು, ಆಕೆ ಬಂದು ಹೇಳಿಕೆ ಕೊಟ್ಟಳು, ದೂರು ಅಲ್ಲಿಗೇ ನಿಂತಿತು. ಆದರೆ ಮಂಡಿಯವರ ಕಾರುಗಳು ಬರುವುದು ನಿಂತವು. ಸಂಸಾರ ಒಡೆಯೋಳು ಅನ್ನುವ ಮಾತು ಊರಲ್ಲಿ ಹರಡಿತು. ಕೆಲವು ತಿಂಗಳು ಮೇಜಿನ ಮೇಲೆ ಬರೀ ಟೀವಿ ರಿಮೋಟುಗಳಿದ್ದವು. ಅವರ ಗಂಡ, ಮಾತು ಕಮ್ಮಿಯ ಮನುಷ್ಯ, ಸೊಸೈಟಿ ಗೋಡೌನಿನ ಕೆಲಸದಿಂದ ಬಂದವರು ಒಂದು ದಿನ, "ಇನ್ಮೇಲಾದ್ರೂ ಕಾರಿನ ಸಹವಾಸ ಬಿಡು" ಅಂದರು. ಅಕ್ಕ ಬಿಡಲಿಲ್ಲ. ಅಂದಿನಿಂದ ಆರ್.ಸಿ. ತರದಿದ್ದರೆ, ಅದರಲ್ಲಿ ಹೆಸರಿರುವವರೇ ಬಾರದಿದ್ದರೆ, ಎಂಥ ದೊಡ್ಡವರು ಬಂದರೂ ಕಲಿಸುತ್ತಿರಲಿಲ್ಲ. ಇದಕ್ಕೂ ಜನ ಕಮ್ಮಿಯಾದರು.

ಆಗಸ್ಟಿನಲ್ಲಿ ಬಿಳಿ ಕಾರಿನ ಆ ಹೆಂಗಸು ಮತ್ತೆ ಬಂದಳು. ಕಾರು ಓಣಿಯ ತುದಿಯಲ್ಲಿ ನಿಲ್ಲಿಸಿ ನಡೆದು ಬಂದಳು. ಅಷ್ಟು ಹೊತ್ತಿಗೆ ಕೆಲಸದ ಹತ್ತಿರವೇ ಮನೆ ಮಾಡಿಕೊಂಡು ಬೇರೆ ಇದ್ದಳು. ಅವಳ ಅಮ್ಮ ಹೋಗಿ ಹದಿನೈದು ದಿನವಾಗಿತ್ತು. ಹೇಳಿಹೋಗೋಣ ಅಂತ ಬಂದದ್ದು.

ಅಕ್ಕ ಬೆಸುಗೆಯ ಸಲಾಕೆ ಆರಿಸಿ ಕೂತರು. ಆಮೇಲೆ ಕೇಳಿದರು, "ಆ ಒಂದು ಶನಿವಾರ ತಪ್ತಲ್ಲ. ಅದ್ರಿಂದಾನಾ?"

"ಡಾಕ್ಟ್ರು ಹಂಗೇನೂ ಹೇಳ್ಲಿಲ್ಲ ಅಕ್ಕಾ."

"ನೀನ್ ಕೇಳಿದ್ಯಾ?"

ಆಕೆ ತಲೆ ತಗ್ಗಿಸಿದಳು. "ಇಲ್ಲ. ಕೇಳ್ಲಿಲ್ಲ."

ಪೋನೀ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. ಮದುವೆ ದಿಬ್ಬಣವನ್ನು ಕಾಯಿಸಿ ನೀರು ಕುಡಿದವರು, ಪೊಲೀಸಿನವರ ಎದುರು ನೆಟ್ಟಗೆ ನಿಂತವರು, ಮುಖಕ್ಕೆ ಸೆರಗು ಅಡ್ಡ ಹಿಡಿದು ಅಲುಗಾಡದೆ ಕೂತರು. ಭುಜ ಮಾತ್ರ ಕುಲುಕುತ್ತಿತ್ತು. ಆಕೆ ಎದ್ದುಹೋಗಿ ಅವರ ಪಕ್ಕ ನೆಲದ ಮೇಲೆ ಕೂತಳು.

ಆ ಹೊತ್ತಿಗೆ ಯಾರೋ ಅಲಾರಂ ಕೆಟ್ಟ ಕಾರು ತಂದು ಓಣಿಯಲ್ಲಿ ಹಾರ್ನ್ ಹೊಡೆದರು. ಈ ಸಲ ನಾನೇ ಹೊರಗೆ ಹೋದೆ. "ಇವತ್ತಾಗಲ್ಲ. ನಾಳೆ ಬನ್ನಿ" ಅಂದೆ. ಆತ ಕೋಲಾರದಿಂದ ಬಂದಿದ್ದೀನಿ, ಅರ್ಜೆಂಟಿದೆ ಅಂತ ಗದರಿದ. ನಾನು ಗೇಟಿಗೆ ಅಡ್ಡ ನಿಂತೆ, ಅವನು ಕಾರು ತಿರುಗಿಸಿಕೊಂಡು ಹೋಗುವವರೆಗೂ.